ನೀರಲ್ಲಿ ಬರೆಸಿದ ಟೀಚರಮ್ಮ

ಬಿಸಿಲಿಗೆ ಕಾದ ಕಲ್ಲಿನ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಮಣ್ಣಿನ ವಾಸನೆಯಲ್ಲ ಅದು. ಮಣ್ಣಿನ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ, ಪಾಪ, ಕಲ್ಲಿನದನ್ನು ಕೇಳುವವರಿಲ್ಲ. ಕೊಳ್ಳೇಗಾಲದ ನಮ್ಮ ಮನೆಯ ಮುಂದೆ ಹಳೆಯ ಕಲ್ಲುಚಪ್ಪಡಿಗಳು ಇನ್ನೂ ಉಳಿದಿವೆ. ಬೇಸಿಗೆಯ ಸಂಜೆ ಅವಕ್ಕೆ ನೀರು ಎರಚುವುದು ನನ್ನ ಕೆಲಸ. ಕಿತ್ತು ಟೈಲ್ಸ್ ಹಾಕಿಸೋಣ ಎಂದು ಮಗಳು ಪೀಡಿಸುತ್ತಲೇ ಇರುತ್ತಾಳೆ. ನಾನು ಹೋದ ಮೇಲೆ ಏನು ಬೇಕಾದರೂ ಹಾಕಿಸಿಕೋ ಎಂದಿದ್ದೇನೆ.

ಹೋದ ತಿಂಗಳು ಹಾಗೆ ನೀರು ಎರಚುತ್ತಿದ್ದಾಗ ಊರಿನಿಂದ ಫೋನ್ ಬಂತು. ಮಾತನಾಡಿದವನು ನನ್ನ ಚಿಕ್ಕಪ್ಪನ ಮಗನ ಮಗ. ಚಿಕ್ಕಪ್ಪನ ಮಗ ಎಂದು ಬಾಯಲ್ಲಿ ಹೇಳುತ್ತೇನೆ ಅಷ್ಟೆ, ಒಂದೇ ಒಲೆಯ ಅನ್ನ ಉಂಡು ಬೆಳೆದವರು ನಾವು, ಅವನು ನನಗೆ ತಮ್ಮನೇ.

"ಅತ್ತೆ, ಟೀಚರಮ್ಮ ತೀರೋದ್ರಂತೆ. ಮೈಸೂರ್ನಲ್ಲಿ, ಮಗಳ ಮನೇಲಿ. ಕಾರ್ಯವೂ ಮುಗ್ದೋಯ್ತಂತೆ," ಎಂದ. ಆಮೇಲೆ ದನಿ ಇಳಿಸಿದ. "ಅಪ್ಪಂಗೆ ಈ ಸುದ್ದಿ ಏಳ್ಬ್ಯಾಡಿ ಅತ್ತೆ. ಹಾರ್ಟ್ ಆಪರೇಷನ್ ಆಗಿ ಇನ್ನೂ ಸರ್ಯಾಗಿ ಎದ್ದು ಓಡಾಡ್ತಿಲ್ಲ. ಕೇಳುದ್ರೆ, ಮಗಳ ಜೊತೆ ಡೆಲ್ಲಿಗೆ ಓಗವ್ರೆ, ಬತ್ತಾರೆ ಅಂದ್ಬುಡವ."

ಓಗವ್ರೆ, ಬತ್ತಾರೆ. ಈ ಮಾತು ನಮ್ಮ ಮನೆಯಲ್ಲಿ ಹಿಂದೆಯೂ ಒಮ್ಮೆ ಓಡಾಡಿತ್ತು. ಆಗಲೂ ಅದನ್ನು ಹೇಳಿದ್ದು ನನ್ನ ಈ ತಮ್ಮನಿಗೇ, ಅವನು ಇನ್ನೂ ಹಾಲುಹಲ್ಲಿನ ಹುಡುಗನಾಗಿದ್ದಾಗ. ಆ ಸುಳ್ಳಿನಿಂದ ಅವನನ್ನು ಆಚೆಗೆ ತಂದವರು ಟೀಚರಮ್ಮ. ಈಗ ಅವರು ಸತ್ತಿದ್ದನ್ನೇ ಅವನಿಂದ ಮುಚ್ಚಿಡಬೇಕಂತೆ. ನಾನು ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಫೋನಿಟ್ಟು ತಿರುಗಿದರೆ ಕಲ್ಲು ಆಗಲೇ ಅರ್ಧ ಒಣಗಿತ್ತು.

ನಮ್ಮದು ಧನಗೆರೆ ಕಡೆಯ ಊರು. ಕೊಳ್ಳೇಗಾಲ ತಾಲ್ಲೂಕು ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಆಗಿನ್ನೂ ಕೆಲವೇ ವರ್ಷ. ನಮ್ಮ ಹಳೆಯ ಮೇಷ್ಟ್ರು ತಮಿಳಲ್ಲೂ ಬೈಯುತ್ತಿದ್ದರು, ಕನ್ನಡದಲ್ಲೂ ಬೈಯುತ್ತಿದ್ದರು, ಹೊಡೆಯುವಾಗ ಮಾತ್ರ ಭಾಷೆಯ ಗೊಡವೆಗೆ ಹೋಗುತ್ತಿರಲಿಲ್ಲ. ಅವರು ರಿಟೈರಾದ ಮೇಲೆ ಬಂದವರು ಟೀಚರಮ್ಮ. ಯಳಂದೂರಿನ ಹುಡುಗಿ, ಇನ್ನೂ ಮದುವೆಯಾಗಿರಲಿಲ್ಲ. ಎಣ್ಣೆಗಪ್ಪು ಬಣ್ಣ, ಹಣೆಯಲ್ಲಿ ಕಾಸಗಲದ ಕುಂಕುಮ, ಬಿಗಿದು ಕಟ್ಟಿದ ತುರುಬು. ಮುಖದ ಮಿಕ್ಕ ಭಾಗ ನನಗೆ ಈಗ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ನಮ್ಮ ಮನೆಗೆ ಬೀದಿಯ ಕಡೆಯಿಂದ ಬೇರೆ ಬಾಗಿಲಿದ್ದ ಒಂದು ಕೋಣೆಯಿತ್ತು. ಊರಿನವರು ಹೇಳಿದರೆಂದು ಅಜ್ಜಿ ಅದನ್ನು ಅವರಿಗೆ ಬಿಟ್ಟುಕೊಟ್ಟಿದ್ದಳು.

ಅವರ ತಂದೆ ಯಳಂದೂರಿನಲ್ಲಿ ಗರಡಿ ನಡೆಸುತ್ತಿದ್ದರಂತೆ. ಗಂಡುಮಕ್ಕಳಿಲ್ಲದ ಮನುಷ್ಯ, ಮಗಳಿಗೇ ಆಸನಗಳನ್ನೆಲ್ಲ ಕಲಿಸಿಬಿಟ್ಟಿದ್ದರು. ಟೀಚರಮ್ಮ ಬೆಳಿಗ್ಗೆ ಸ್ಕೂಲಿನ ಬಾಗಿಲು ತೆಗೆದ ಕೂಡಲೇ ಸೀರೆಯನ್ನು ಕಚ್ಚೆ ಹಾಕಿ ಕಟ್ಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಮ್ಮನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದರು. ಮೊದಲು ಬಗ್ಗುವುದು, ಏಳುವುದು, ಒಂಟಿಕಾಲಲ್ಲಿ ನಿಲ್ಲುವುದು. ಅದಾದ ಮೇಲೆ ಉಸಿರು. ಆಮೇಲೆ ಸೀಮೆಸುಣ್ಣ ಹಿಡಿದು ಚಿತ್ರ. ಅಕ್ಷರ, ಮಗ್ಗಿ ಎಲ್ಲ ಅದರ ನಂತರ. ಹೊಟ್ಟೆ ಹಸಿದ, ನಿದ್ದೆಗಣ್ಣಿನ, ಮನೆಯಲ್ಲಿ ಒದೆ ತಿಂದು ಬಂದ ಮಕ್ಕಳ ತಲೆಗೆ ಮಗ್ಗಿ ಇಳಿಯುವುದಿಲ್ಲ ಎಂದು ಅವರು ಯಾರಿಗೋ ಹೇಳುತ್ತಿದ್ದುದನ್ನು ಕೇಳಿದ್ದೇನೆ. ನನಗೆ ಮಗ್ಗಿ ಆಮೇಲೂ ಇಳಿಯಲಿಲ್ಲ, ಅದು ಬೇರೆ ಮಾತು.

ಊರಲ್ಲಿ ನಗಾಡಿದರು. ನಮ್ಮಜ್ಜಿಯಂತೂ ಹೊಸಿಲಲ್ಲಿ ಕೂತು ಬರುವವರಿಗೆ, ಹೋಗುವವರಿಗೆ ಹೇಳಿದ್ದೇ ಹೇಳಿದ್ದು. "ಕಚ್ಚೆ ಕಟ್ಕಂಡು ತಲೆಕೆಳಗಾಗಿ ನಿಂತ್ಕಳೋ ಎಣ್ಣು, ಐಕಳಿಗೆ ಇನ್ನೇನ್ ಕಲ್ಸಾಳು. ಕೋತಿ ತಾನ್ ಕೆಡದಲ್ದೆ ವನಾನೆಲ್ಲ ಕೆಡಿಸ್ತಂತೆ." ಟೀಚರಮ್ಮನಿಗೆ ಇದು ಕೇಳಿಸದೆ ಇರಲಿಲ್ಲ, ಗೋಡೆಯಾಚೆಯೇ ಅವರ ಕೋಣೆ. ಮಾರನೆಯ ದಿನ ಮನೆಯಿಂದಲೇ ಕಚ್ಚೆ ಕಟ್ಟಿಕೊಂಡು ಹೊರಟರು.

ಅಜ್ಜಿಗೆ ಮನುಷ್ಯರಿಗಿಂತ ಹುಳದ ಮೇಲೆ ಪ್ರಾಣ. ನಮ್ಮದು ರೇಷ್ಮೆ ಸಾಕುವ ಮನೆ. ಹಿತ್ತಲ ಕಡೆಯ ಉದ್ದನೆಯ ಕೋಣೆಯಲ್ಲಿ ಬಿದಿರಿನ ತಟ್ಟೆಗಳ ಸಾಲು, ಅವುಗಳ ಮೇಲೆ ಹುಳ, ಅದರಾಚೆ ಹಿಪ್ಪುನೇರಳೆ ಸೊಪ್ಪಿನ ಕೋಣೆ. ಕೈಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಹೊಗೆಸೊಪ್ಪಿನ ಕೈಯವರು, ಘಾಟು ಎಣ್ಣೆ ಹಚ್ಚಿದವರು ಬಾಗಿಲಲ್ಲೇ ನಿಲ್ಲಬೇಕು. ಹುಳ ಪೊರೆ ಕಳಚುವ ಮೊದಲು ತಿನ್ನುವುದು ಬಿಟ್ಟು, ತಲೆಯೆತ್ತಿ, ಒಂದಿಷ್ಟೂ ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳವನ್ನು ಮುಟ್ಟಬಾರದು, ಅದರ ಮೇಲೆ ಸೊಪ್ಪು ಹಾಕಬಾರದು, ಅದು ತಾನಾಗಿಯೇ ಏಳಬೇಕು. ನಮ್ಮೂರಿನ ಮಕ್ಕಳಿಗೆ ಇದು ಅ, ಆ, ಇ, ಈ ಕಲಿಯುವುದಕ್ಕಿಂತ ಮೊದಲೇ ಗೊತ್ತು.

ಟೀಚರಮ್ಮ ಇದನ್ನು ನಮ್ಮಿಂದಲೇ ಕೇಳಿ ತಿಳಿದುಕೊಂಡರು. ಒಂದು ದಿನ ಸ್ಕೂಲಿನಲ್ಲಿ ಗಲಾಟೆಯೋ ಗಲಾಟೆ. ಅವರು ಕೋಲು ತೆಗೆಯಲಿಲ್ಲ. "ಎಲ್ಲಾರೂ ಜ್ವರಕ್ಕೆ ಕೂತ್ಕಳಿ ನೋಡಣ," ಎಂದರು. ನಾವು ನಕ್ಕೆವು. ಆಮೇಲೆ ಒಬ್ಬೊಬ್ಬರಾಗಿ ಕಾಲು ಮಡಿಸಿ, ಬೆನ್ನು ನೆಟ್ಟಗೆ ಮಾಡಿ, ತಲೆಯೆತ್ತಿ, ಕಣ್ಣು ಮುಚ್ಚಿ ಕೂತೆವು. ಜಗಲಿಯ ಆಚೆ ಯಾರೋ ನೀರು ಸೇದುವ ರಾಟೆಯ ಸದ್ದು ಅವತ್ತು ಮೊದಲ ಸಲ ಕೇಳಿಸಿತು. ಅಂದಿನಿಂದ ಪ್ರತಿದಿನ ಅದೇ. ಕೂತು ಸಾಕಾದವರು ಮೆಲ್ಲಗೆ ಏಳಬಹುದು, ಕೂತಿರುವವರನ್ನು ಮುಟ್ಟುವಂತಿಲ್ಲ. ನಾನು ಎಲ್ಲರಿಗಿಂತ ಮೊದಲು ಎದ್ದುಬಿಡುತ್ತಿದ್ದೆ, ಕುಂಡೆಯಲ್ಲಿ ಮುಳ್ಳಿದ್ದ ಹುಡುಗಿ ನಾನು.

ತಮ್ಮ ಮಾತ್ರ ಏಳುತ್ತಲೇ ಇರಲಿಲ್ಲ. ಎಲ್ಲರೂ ಎದ್ದು ಸ್ಲೇಟು ಹಿಡಿದರೂ ಅವನು ಗೋಡೆಯ ಮಗ್ಗುಲಲ್ಲಿ ಹಾಗೆಯೇ ಕೂತಿರುತ್ತಿದ್ದ. ಮೊದಮೊದಲು ಟೀಚರಮ್ಮ ಮೆಚ್ಚಿಕೊಂಡರು. ಕೆಲವು ದಿನ ಕಳೆದ ಮೇಲೆ ಅವರ ಮುಖ ಬದಲಾಯಿತು. ಈ ಹುಡುಗ ಕೂತಿದ್ದಾನಾ, ಅಡಗಿದ್ದಾನಾ ಎಂದು ಅವರಿಗೆ ಅನುಮಾನ ಬಂದಿರಬೇಕು.

ವಿಷಯ ಇಷ್ಟೇ. ನಮ್ಮ ಚಿಕ್ಕವ್ವ, ಅಂದರೆ ತಮ್ಮನ ತಾಯಿ, ಎರಡನೆಯ ಹೆರಿಗೆಗೆಂದು ಹನೂರಿನ ತನ್ನ ತವರಿಗೆ ಹೋಗಿದ್ದಳು. ಅಲ್ಲಿ ಕೂಸೂ ಉಳಿಯಲಿಲ್ಲ, ಅವಳೂ ಉಳಿಯಲಿಲ್ಲ. ಸುದ್ದಿ ಬಂದಾಗ ದೊಡ್ಡವರು ಹೋಗಿ ಮಣ್ಣು ಮಾಡಿ ಬಂದರು. ಮಕ್ಕಳನ್ನು ಕರೆದುಕೊಂಡು ಹೋಗಲಿಲ್ಲ. ಅಜ್ಜಿ ನಮ್ಮನ್ನೆಲ್ಲ ಸೊಪ್ಪಿನ ಕೋಣೆಗೆ ಕರೆದು, ಬಾಗಿಲು ಹಾಕಿ, ಹೇಳಿದಳು. "ಆ ಮೊಗೀಗೆ ಯಾರೂ ಏಳ್ಕೂಡ್ದು. ತಡ್ಕಳಾಕಿಲ್ಲ ಅದು. ಅವ್ವ ತವರಿಗೆ ಓಗವ್ಳೆ, ಬತ್ತಾಳೆ ಅನ್ಬೇಕು. ಬಾಯ್ ಬುಟ್ಟೋರ ನಾಲಗೆ ಕಿತ್ತಾಕ್ತೀನಿ." ಅವಳಿಗೆ ಮೊಮ್ಮಗನ ಮೇಲೆ ಇದ್ದ ಪ್ರೀತಿ ಅದು, ಇಲ್ಲ ಎನ್ನುವುದಿಲ್ಲ. ಚಿಕ್ಕಪ್ಪ ಮೂಲೆ ಹಿಡಿದು ಕೂತ, ಅವನಿಗೆ ಹೇಳುವ ಶಕ್ತಿಯೂ ಇರಲಿಲ್ಲ, ಬೇಡ ಎನ್ನುವ ಶಕ್ತಿಯೂ ಇರಲಿಲ್ಲ.

ಕೆಲವು ದಿನಗಳಾದ ಮೇಲೆ ಹನೂರಿನವರು ಚಿಕ್ಕವ್ವನ ಪೆಟ್ಟಿಗೆಯನ್ನು ಗಾಡಿಯಲ್ಲಿ ಕಳಿಸಿಕೊಟ್ಟರು. ಅವಳು ಹೋಗುವಾಗ ಒಯ್ದಿದ್ದ ತಗಡಿನ ಪೆಟ್ಟಿಗೆ, ಮುಚ್ಚಳದ ಮೇಲೆ ಎರಡು ಗಿಳಿಗಳಿದ್ದವು. ಅಜ್ಜಿ ಅದನ್ನು ಸೊಪ್ಪಿನ ಕೋಣೆಯ ಮೂಲೆಗೆ ಸೇರಿಸಿ ಮೇಲೆ ಗೋಣಿತಟ್ಟು ಹೊದಿಸಿದಳು. ತಮ್ಮ ಆಗ ಮಲಗಿದ್ದ ಎಂದುಕೊಂಡಿದ್ದೆವು.

ಅವನು ಮೊದಲು ಪ್ರಶ್ನೆ ಕೇಳುವುದನ್ನು ಬಿಟ್ಟ, ಆಮೇಲೆ ಮಾತನ್ನೇ ಬಿಟ್ಟ. ಮನೆಯಲ್ಲಿ ಹಸಿವು, ನೀರು ಎಂದು ಒಂದೊಂದು ಶಬ್ದ. ಸ್ಕೂಲಿನಲ್ಲಿ ಅದೂ ಇಲ್ಲ. ಟೀಚರಮ್ಮ ಅವನ ಕೈಗೆ ಸೀಮೆಸುಣ್ಣ ಕೊಟ್ಟು ಏನಾದರೂ ಬರಿ ಎಂದರೆ ಒಂದು ಗೆರೆ ಎಳೆಯುತ್ತಿದ್ದ, ಎಂಜಲು ಹಚ್ಚಿ ಒರೆಸುತ್ತಿದ್ದ. ಇನ್ನೊಂದು ಗೆರೆ, ಮತ್ತೆ ಒರೆಸುವುದು. ಬರೆದದ್ದು ಯಾರ ಕಣ್ಣಿಗೂ ಬೀಳಬಾರದು ಅವನಿಗೆ.

ಟೀಚರಮ್ಮನಿಗೂ ಅಜ್ಜಿ ಬಾಯಿ ಬಿಡಬಾರದೆಂದು ಕಟ್ಟು ಹಾಕಿದ್ದಳು. ಒಂದು ಸಂಜೆ ಅವರು ಹೊಸಿಲಿಗೆ ಬಂದು ನಿಂತು ಕೇಳಿದ್ದು ನೆನಪಿದೆ.

"ಅಜ್ಜಿ, ಮಗೀಗೆ ಹೇಳ್ಬುಡದು ಒಳ್ಳೇದು. ಒಳಗೇ ಬೇಯ್ತಾ ಅದೆ ಅದು."

"ನಿನ್ ಪಾಠ ನಿನ್ ಇಸ್ಕೂಲ್ನಲ್ಲಿ ಇಟ್ಕ ಕಣವ್ವ," ಎಂದಳು ಅಜ್ಜಿ. "ಎತ್ತಿದ್ಯಾ, ಆಡಿಸಿದ್ಯಾ ನೀನು? ಮಕ್ಳ ಇಚಾರ ನಿಂಗೇನ್ ಗೊತ್ತು."

ಹೆತ್ತಿದ್ದೀಯಾ ಎನ್ನುವುದು ಮದುವೆಯಾಗದ ಹೆಣ್ಣಿಗೆ ಆಡಬಾರದ ಮಾತು. ಟೀಚರಮ್ಮ ತಿರುಗಿ ಕೋಣೆಗೆ ಹೋದರು. ನನಗೆ ಅಜ್ಜಿಯ ಮೇಲೆ ಸಿಟ್ಟು ಬಂದಿತ್ತು, ಈಗಲೂ ನೆನೆದರೆ ಒಂದಿಷ್ಟು ಬರುತ್ತದೆ.

ಅಷ್ಟರಲ್ಲಿ ಕಾರ್ತೀಕದ ಸೋನೆ ಹಿಡಿಯಿತು. ಬಿಸಿಲೇ ಇಲ್ಲ, ಗೋಡೆಯೆಲ್ಲ ತೇವ. ಹುಳ ದೊಡ್ಡದಾಗಿ, ಇನ್ನೇನು ಗೂಡು ಕಟ್ಟಬೇಕು ಎನ್ನುವ ಹೊತ್ತಿಗೆ ಒಂದು ತಟ್ಟೆಯ ಹುಳ ಮೇವು ಬಿಟ್ಟಿತು. ಜ್ವರವೇನೋ ಎಂದುಕೊಂಡರೆ ಅಲ್ಲ. ಮುಟ್ಟಿದರೆ ಕಡ್ಡಿಯ ಹಾಗೆ ಸೆಟೆದಿತ್ತು. ಬರಬರುತ್ತಾ ಅದರ ಮೈಮೇಲೆ ಬೆಳ್ಳಗೆ ಪುಡಿ ಕಟ್ಟಿತು. ಪಕ್ಕದ ತಟ್ಟೆ, ಅದರ ಪಕ್ಕದ ತಟ್ಟೆ … ಸೀಮೆಸುಣ್ಣದ ತುಂಡುಗಳನ್ನು ಸಾಲಾಗಿ ಜೋಡಿಸಿಟ್ಟಂತೆ ಕಾಣುತ್ತಿದ್ದವು. ಇದನ್ನು ಮೊದಲು ಬಾಯಿ ಬಿಟ್ಟು ಹೇಳಿದ್ದು ಯಾರೋ ಗೊತ್ತಿಲ್ಲ, ಅಜ್ಜಿಯ ಕಣ್ಣು ಮಾತ್ರ ತಕ್ಷಣ ನಮ್ಮ ಕೈಗಳ ಮೇಲೆ ಬಿತ್ತು. ನಾವು ಸ್ಕೂಲಿನಿಂದ ಬಂದು ಸೊಪ್ಪು ಹೊತ್ತಿದ್ದೆವು. ನನ್ನ ಉಗುರಿನ ಸಂದಿಯಲ್ಲಿ ಬಿಳಿ ಇತ್ತು. ಕೈ ತೊಳೆದಿದ್ದೆ, ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

"ಸುಣ್ಣದ ಕೈಲಿ ಸೊಪ್ ಮುಟ್ಟುದ್ರು, ಹುಳ ಸುಣ್ಣ ಆಯ್ತು," ಎಂದಳು ಅಜ್ಜಿ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮಧ್ಯಾಹ್ನದೊಳಗೆ ಊರೆಲ್ಲ ಅದೇ ಮಾತು. ಇನ್ನೂ ಎರಡು ಮೂರು ಮನೆಗಳಲ್ಲಿ ಹುಳ ಬೆಳ್ಳಗಾಗಿತ್ತು, ಆ ಮನೆಗಳ ಮಕ್ಕಳೂ ಚಿತ್ರ ಬರೆಯುವವರೇ. ಊರಿನ ಮಕ್ಕಳೆಲ್ಲ ಚಿತ್ರ ಬರೆಯುವವರೇ ಆಗಿದ್ದರು, ಆ ಲೆಕ್ಕ ಯಾರೂ ಹಾಕಲಿಲ್ಲ. ತೇವಕ್ಕೆ ಹಿಡಿಯುವ ಬೂಸ್ಟಿನ ರೋಗ ಅದು ಎಂದು ಬಹಳ ವರ್ಷಗಳ ಮೇಲೆ ನನಗೆ ತಿಳಿಯಿತು. ಅದು ಬಾರದಿರಲಿ ಎಂದು ಹುಳದ ತಟ್ಟೆಗೆ ಈಗ ಸುಣ್ಣದ ಪುಡಿಯನ್ನೇ ಉದುರಿಸುತ್ತಾರೆ. ಅಜ್ಜಿ ಇದ್ದಿದ್ದರೆ ಏನೆನ್ನುತ್ತಿದ್ದಳೋ.

ಮಾರನೆಯ ದಿನ ಸ್ಕೂಲಿಗೆ ಒಂದು ಮಗುವೂ ಹೋಗಲಿಲ್ಲ. ಟೀಚರಮ್ಮ ಒಬ್ಬರೇ ಜಗಲಿಯ ಮೇಲೆ ಕೂತಿದ್ದು, ಸಂಜೆ ಬಾಗಿಲು ಹಾಕಿ ಬಂದರಂತೆ. ಮನೆಯಲ್ಲಿ ತಮ್ಮ ಬೆಳಿಗ್ಗೆಯಿಂದ ಬೀದಿಬಾಗಿಲ ಬಳಿ ಕೂತು ಕೊಳ್ಳೇಗಾಲದ ಬಸ್ಸು ಬರುವ ದಾರಿಯನ್ನೇ ನೋಡುತ್ತಿದ್ದ. ಕರೆದರೆ ತಿರುಗಲಿಲ್ಲ. ಸ್ಕೂಲು ಇದ್ದಾಗ ಜಗಲಿಯ ಮೇಲಾದರೂ ನಾಲ್ಕು ಮಕ್ಕಳ ನಡುವೆ ಇರುತ್ತಿದ್ದ, ಈಗ ಅದೂ ಇಲ್ಲ. ಈ ಹುಡುಗ ಕೈ ಬಿಟ್ಟು ಹೋಗುತ್ತಾನೆ ಎಂದು ನನ್ನವ್ವ ಒಲೆಯ ಮುಂದೆ ಕೂತು ಅತ್ತಳು. ಅತ್ತೆಯ ಎದುರು ಆಡುವ ಧೈರ್ಯ ಅವಳಿಗೂ ಇರಲಿಲ್ಲ.

ಆ ಸಂಜೆ ಟೀಚರಮ್ಮ ನಮ್ಮ ಬಾಗಿಲಿಗೆ ಬಂದರು. ಅಜ್ಜಿ ಸತ್ತ ಹುಳಗಳನ್ನು ಮೊರಕ್ಕೆ ತುಂಬಿ ಹೂಳಲು ಹೊರಟಿದ್ದಳು. ವಾದ ಮಾಡುತ್ತಾರೆ, ಸೀಮೆಸುಣ್ಣದಿಂದ ಹುಳ ಸಾಯುವುದಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಆ ಮಾತೇ ಎತ್ತಲಿಲ್ಲ.

"ಅಜ್ಜಿ, ಇನ್ಮೇಲೆ ಸೀಮೆಸುಣ್ಣ ಮುಟ್ಸಲ್ಲ. ನೀರು ಆಗ್ತದಾ?"

"ಯಾವ ನೀರು?"

"ಬಾವಿ ನೀರು. ನೀವು ಹುಳದ ಮನೆಗೆ ಕೈ ತೊಳ್ಕಂಡು ಹೋಗ್ತೀರಲ್ಲ, ಅದೇ ನೀರು."

ಅಜ್ಜಿ ಮೊರ ಹಿಡಿದುಕೊಂಡು ಬಹಳ ಹೊತ್ತು ನಿಂತಳು. ನೀರಿಗೆ ಏನು ತಪ್ಪು ಹೊರಿಸುವುದು ಎಂದು ಹುಡುಕುತ್ತಿದ್ದಳೆಂದು ಕಾಣುತ್ತದೆ. "ನೀರ್ಗೆ ಯಾವ ದೋಸ," ಎಂದು ಗೊಣಗಿ ಹಿತ್ತಲಿಗೆ ನಡೆದಳು. ಅದೇ ಒಪ್ಪಿಗೆ. ಅಜ್ಜಿ ಕಳಿಸಿದಳೆಂದು ಮಿಕ್ಕವರೂ ಕಳಿಸಿದರು, ಊರೆಂದರೆ ಹಾಗೆಯೇ.

ಸೋನೆ ನಿಂತು ಬಿಸಿಲು ಬಂತು. ಸ್ಕೂಲಿನ ಜಗಲಿಗೆ ಹಾಸಿದ್ದು ಬೂದುಬಣ್ಣದ ದೊಡ್ಡ ಚಪ್ಪಡಿಗಳು, ಹೊತ್ತೇರುವಷ್ಟರಲ್ಲಿ ಬಿಸಿಯಾಗುತ್ತಿದ್ದವು. ಟೀಚರಮ್ಮ ಎಲ್ಲರ ಮುಂದೆ ಒಂದೊಂದು ತೆಂಗಿನ ಕರಟದಲ್ಲಿ ನೀರಿಟ್ಟರು. ಬೆರಳು ಅದ್ದಿ ಕಲ್ಲಿನ ಮೇಲೆ ಬರೆಯುವುದು. ಕಲ್ಲು ನೀರು ಕುಡಿದು ಕಪ್ಪಾಗಿ, ಗೆರೆ ಚೆನ್ನಾಗಿ ಏಳುತ್ತಿತ್ತು. ಒಂದು ವಾಸನೆಯೂ ಏಳುತ್ತಿತ್ತು. ನೋಡನೋಡುತ್ತಿದ್ದಂತೆ ಗೆರೆ ಅಂಚಿನಿಂದ ಒಣಗಿ ಹೊರಟುಹೋಗುತ್ತಿತ್ತು. ಮೊದಲ ದಿನ ನಾವೆಲ್ಲ ರಾದ್ಧಾಂತ ಮಾಡಿದೆವು. ನನ್ನ ಆನೆಯ ಬಾಲ ಹೋಯಿತು, ನನ್ನ ಗಾಡಿಯ ಚಕ್ರ ಹೋಯಿತು ಎಂದು ದೂರು.

"ಹೋದ್ರೆ ಹೋಗ್ಲಿ ಬುಡಿ," ಎಂದರು ಟೀಚರಮ್ಮ. "ಕರಟದಲ್ಲಿ ಇನ್ನೂ ನೀರದೆ."

ತಮ್ಮ ಮೊದಲೆರಡು ದಿನ ಕರಟದಲ್ಲಿ ಬೆರಳಿಟ್ಟುಕೊಂಡು ಸುಮ್ಮನೆ ಕೂತಿದ್ದ. ಆಮೇಲೆ ಒಂದು ಗೆರೆ ಎಳೆದ. ಒರೆಸಲು ಕೈ ಹೋಯಿತು, ಅಷ್ಟರಲ್ಲಿ ಅದು ತಾನೇ ಒಣಗಿತು. ಅವನು ಕೈ ಹಿಂದಕ್ಕೆ ತೆಗೆದು ಕಲ್ಲನ್ನೇ ನೋಡಿದ. ಇನ್ನೊಂದು ಎಳೆದ. ಒರೆಸುವ ಕೆಲಸ ಅವನದಲ್ಲ ಎಂದು ಗೊತ್ತಾಯಿತೇನೋ, ಅವತ್ತೆಲ್ಲ ಗೆರೆ ಎಳೆದ.

ಅದಾದ ಮೇಲೆ ಒಂದು ಬೆಳಿಗ್ಗೆ … ನಾನು ಅವನ ಪಕ್ಕದಲ್ಲೇ ಇದ್ದೆ. ಅವನು ದೊಡ್ಡದೊಂದು ದುಂಡನೆಯ ಮುಖ ಬರೆದ. ಹಣೆಗೆ ಬೊಟ್ಟು. ಎರಡು ಕೈ, ಉದ್ದ ಜಡೆ. ಕಾಲು ಬರೆಯಲಿಲ್ಲ. ಪಕ್ಕದಲ್ಲಿ ಚೌಕವಾಗಿ ಒಂದು ಪೆಟ್ಟಿಗೆ, ಅದರ ಮೇಲೆ ಎರಡು ಹಕ್ಕಿ. ಪೆಟ್ಟಿಗೆಗೆ ಮತ್ತೆ ಮತ್ತೆ ಬೆರಳು ಅದ್ದಿ ದಪ್ಪವಾಗಿ ನೀರು ಬಳಿದ. ಬಿಸಿಲಿಗೆ ಮೊದಲು ಜಡೆ ಹೋಯಿತು, ಕೈಗಳು ಹೋದವು, ಮುಖ ಹೋಯಿತು. ಪೆಟ್ಟಿಗೆ ಮಾತ್ರ ಹಸಿಯಾಗಿ ಉಳಿದಿತ್ತು.

"ಅವ್ವ ಒಂಟೋದ್ಲು," ಎಂದ ತಮ್ಮ. ಯಾರನ್ನೂ ನೋಡದೆ, ಕಲ್ಲಿಗೆ ಹೇಳಿದ.

ಟೀಚರಮ್ಮ ಬಂದು ಅವನ ಎದುರು ಕುಕ್ಕರುಗಾಲಲ್ಲಿ ಕೂತರು.

"ಪೆಟ್ಗೆ ಬಂತು. ಅವ್ವ ಬರ್ನಿಲ್ಲ."

ಗೋಣಿತಟ್ಟು ಹೊದಿಸಿದ್ದನ್ನು ಅವನು ಮೊದಲ ದಿನವೇ ನೋಡಿದ್ದ. ನಾವೆಲ್ಲ ಬತ್ತಾಳೆ, ಬತ್ತಾಳೆ ಎನ್ನುತ್ತಿದ್ದಾಗ ಅವನು ಅಷ್ಟೂ ದಿನ ಆ ಪೆಟ್ಟಿಗೆಯನ್ನು ಒಳಗಿಟ್ಟುಕೊಂಡು ನಮ್ಮ ಬಾಯಿಯನ್ನು ನೋಡುತ್ತಿದ್ದ. ಮನೆಯವರೆಲ್ಲ ಸುಳ್ಳು ಹೇಳುವಾಗ ಚಿಕ್ಕ ಹುಡುಗ ಯಾರ ಹತ್ತಿರ ಹೋಗಿ ಕೇಳಬೇಕು? ಮಾತು ಬಿಟ್ಟ, ಅಷ್ಟೆ.

ಟೀಚರಮ್ಮ ಅವನ ಬೆನ್ನ ಮೇಲೆ ಅಂಗೈ ಇಟ್ಟರು. "ಹ್ಞೂಂ ಕಣಪ್ಪ. ಒಂಟೋದ್ರು," ಎಂದರು. ಅವನದೇ ಮಾತು, ಅದಕ್ಕೆ ಒಂದು ಅಕ್ಷರ ಸೇರಿಸಲಿಲ್ಲ, ದೇವರು ಕರೆದುಕೊಂಡ, ನಕ್ಷತ್ರವಾದಳು ಎಂಬ ಬೆಲ್ಲ ಹಚ್ಚಲಿಲ್ಲ. ತಮ್ಮ ಆಗ ಅತ್ತ. ತಿಂಗಳುಗಟ್ಟಲೆಯ ಅಳು, ಬೀದಿಗೆಲ್ಲ ಕೇಳಿಸಿತು. ಟೀಚರಮ್ಮ ಕೈ ತೆಗೆಯದೆ, ಸುಮ್ಮನಿರು ಎನ್ನದೆ, ತಾವೇ ಉಸಿರನ್ನು ದೊಡ್ಡದಾಗಿ ಎಳೆದು ಬಿಡುತ್ತಿದ್ದರು, ದಿನಾ ಬೆಳಿಗ್ಗೆ ನಮಗೆ ಕಲಿಸುವ ಹಾಗೆ. ಬಹಳ ಹೊತ್ತಿನ ಮೇಲೆ ಅವನ ಉಸಿರು ಅದರ ಹಿಂದೆ ಹೋಯಿತು.

ಅವನನ್ನು ಅವರೇ ಮನೆಗೆ ನಡೆಸಿಕೊಂಡು ಬಂದರು. ಅಜ್ಜಿ ಉಳಿದ ತಟ್ಟೆಗಳಿಗೆ ಸೊಪ್ಪು ಹಾಕಲು ಕೈ ತೊಳೆಯುತ್ತಿದ್ದಳು.

"ನಾನು ಹೇಳ್ಲಿಲ್ಲ ಅಜ್ಜಿ. ಅವ್ನೇ ಹೇಳ್ದ," ಎಂದರು ಟೀಚರಮ್ಮ.

ಅಜ್ಜಿ ಮೊಮ್ಮಗನ ಮುಖ ನೋಡಿದಳು. ಅವನು "ಪೆಟ್ಗೆ ತಗಿ," ಎಂದ. ಅಷ್ಟು ಗಟ್ಟಿಯಾಗಿ ಅವನು ಮಾತಾಡಿ ಎಷ್ಟೋ ಕಾಲವಾಗಿತ್ತು. ಅಜ್ಜಿ ಗೋಣಿತಟ್ಟು ಸರಿಸಿ ಪೆಟ್ಟಿಗೆಯನ್ನು ನಡುಮನೆಗೆ ಎಳೆದು ತಂದು ಮುಚ್ಚಳ ತೆಗೆದಳು. ಎರಡು ಸೀರೆ, ಒಂದು ಬಾಚಣಿಗೆ, ಬಳೆ, ಕೂಸಿಗೆಂದು ಹೊಲಿದಿದ್ದ ಒಂದು ಕುಲಾವಿ. ತಮ್ಮ ಒಂದು ಸೀರೆ ಎಳೆದುಕೊಂಡು ಅದರ ಮೇಲೆ ಮಲಗಿ ನಿದ್ದೆ ಹೋದ. ಅಜ್ಜಿ ಪಕ್ಕದಲ್ಲೇ ಕೂತಳು. ಹುಳಕ್ಕೆ ಸೊಪ್ಪು ಹಾಕುವ ಹೊತ್ತು ಮೀರಿತು. ಅವಳು ಏಳಲಿಲ್ಲ, ನನ್ನವ್ವ ಹೋಗಿ ಹಾಕಿದಳು.

"ನಮ್ಗಿಂತ ಮೊದ್ಲೇ ಗೊತ್ತಿತ್ತು ಈ ಮುಂಡೇದ್ಕೆ," ಎಂದಳು ಅಜ್ಜಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು. ಟೀಚರಮ್ಮನಿಗೆ ಕ್ಷಮೆ ಗಿಮೆ ಎಂದೇನೂ ಕೇಳಲಿಲ್ಲ, ಆ ಪದ್ಧತಿ ನಮ್ಮಲ್ಲಿಲ್ಲ. ಅಲ್ಲಿಯವರೆಗೆ ಅವರನ್ನು ಯಳಂದೂರಿನೋಳು ಎನ್ನುತ್ತಿದ್ದವಳು ಅಂದಿನಿಂದ ನಮ್ ಟೀಚ್ರವ್ವ ಎನ್ನಲು ಶುರು ಮಾಡಿದಳು.

ತಮ್ಮ ಬಹಳ ದಿನ ಅದೇ ಚಿತ್ರ ಬರೆದ. ಬರೆಯುವುದು, ಒಣಗುವುದನ್ನು ನೋಡುವುದು, ಮತ್ತೆ ಬರೆಯುವುದು. ಬರಬರುತ್ತಾ ಪೆಟ್ಟಿಗೆ ಬಿಟ್ಟುಹೋಯಿತು. ಒಂದು ದಿನ ಬಸ್ಸು ಬರೆದ, ಅದರೊಳಗೆ ಬೀಡಿ ಸೇದುವ ಡ್ರೈವರು. ಆ ದಿನ ಟೀಚರಮ್ಮ ಸಂಜೆ ನಮ್ಮ ಹೊಸಿಲಿಗೆ ಬಂದು "ಈವತ್ತು ಬಸ್ಸು ಬರ್ದ ಅಜ್ಜಿ," ಎಂದಷ್ಟೇ ಹೇಳಿ ಹೋದರು. ಅಜ್ಜಿ ಒಳಗೆ ಬಂದು ಎಲ್ಲರಿಗೂ ಅದನ್ನೇ ಹೇಳಿದಳು.

ಕೆಲವು ವರ್ಷಗಳ ಮೇಲೆ ಟೀಚರಮ್ಮನಿಗೆ ಹೊನ್ನೂರು ಕಡೆಗೆ ವರ್ಗವಾಯಿತು, ಮದುವೆಯಾಯಿತು, ಮಗಳಾಯಿತು. ನಮ್ಮ ಸ್ಕೂಲಿಗೆ ಬಂದ ಹೊಸ ಮೇಷ್ಟ್ರು ಕರಟಗಳನ್ನು ಒಲೆಗೆ ಹಾಕಿಸಿದರು. ನಾನು ಓದಿ ಕೊಳ್ಳೇಗಾಲ ಸೇರಿದೆ. ತಮ್ಮ ಊರಲ್ಲೇ ಉಳಿದು ಹುಳ ಸಾಕಿದ. ಅವರು ಎಲ್ಲಿದ್ದರೂ ಅವನು ಹುಡುಕಿಕೊಂಡು ಹೋಗಿ ಬರುತ್ತಿದ್ದ, ಫೋನ್ ಬಂದ ಮೇಲೆ ತಿಂಗಳಿಗೊಮ್ಮೆಯಾದರೂ ಮಾತು. ಏನು ಮಾತಾಡುತ್ತೀಯೋ ಎಂದರೆ, ಸೊಪ್ಪಿನ ರೇಟು ಕೇಳ್ತಾರೆ ಕಣಕ್ಕ ಎನ್ನುತ್ತಿದ್ದ.

ಫೋನ್ ಬಂದ ಆ ವಾರವೇ ನಾನು ಬಸ್ಸು ಹಿಡಿದು ಊರಿಗೆ ಹೋದೆ. ದಾರಿಯುದ್ದಕ್ಕೂ ಹೇಳುವುದೋ, ಬಿಡುವುದೋ ಎಂದು ಹೊಯ್ದಾಡಿದೆ. ಆಪರೇಷನ್ ಆದ ಎದೆ, ಹುಡುಗಾಟವಲ್ಲ. ಬಾಗಿಲಲ್ಲೇ ಅವನ ಮಗ ಕಣ್ಸನ್ನೆ ಮಾಡಿದ. ತಮ್ಮ ಜಗಲಿಯ ಮೇಲೆ ಕುರ್ಚಿಯಲ್ಲಿ ಕೂತಿದ್ದ, ಕರಗಿಹೋಗಿದ್ದ. ಜಗಲಿಗೆ ಈಗ ಹೊಳೆಯುವ ಟೈಲ್ಸು. ನನ್ನನ್ನು ನೋಡಿದವನೇ, "ಟೀಚರಮ್ಮ ಪೋನೇ ಎತ್ತಾ ಇಲ್ಲ ಕಣಕ್ಕ," ಎಂದ.

"ಡೆಲ್ಲಿಗೆ ಓಗವ್ರಂತೆ ಕಣಪ್ಪ, ಮಗಳ ಜೊತೆ. ಬತ್ತಾರೆ," ಎಂದ ಮಗ ಅವಸರದಲ್ಲಿ.

ತಮ್ಮ ಮಗನನ್ನು ನೋಡಲಿಲ್ಲ. ನನ್ನ ಮುಖವನ್ನೇ ನೋಡಿದ. ಅವನು ಹಿಂದೆ ನಮ್ಮೆಲ್ಲರ ಬಾಯಿ ನೋಡುತ್ತಿದ್ದ ಆ ನೋಟ ನನಗೆ ಗುರುತು ಸಿಕ್ಕಿತು.

"ಒಂಟೋದ್ರಾ?" ಎಂದ.

"ಹ್ಞೂಂ ಕಣಪ್ಪ," ಎಂದೆ. "ಒಂಟೋದ್ರು."

ಅವನು ಕೈಗಳನ್ನು ಮಂಡಿಯ ಮೇಲೆ ಇಟ್ಟ. ಬೆನ್ನು ನೆಟ್ಟಗಾಯಿತು, ತಲೆ ಮೇಲೆದ್ದಿತು, ಕಣ್ಣು ಮುಚ್ಚಿದ. ಮಗ ಗಾಬರಿಯಾಗಿ ಭುಜ ಹಿಡಿಯಲು ಬಂದ. ಮುಟ್ಟಬೇಡ, ತಾನಾಗಿ ಏಳಲಿ ಎಂದು ನಾನು ತಡೆದೆ. ಅವನ ಎದೆ ಏರುವುದನ್ನು, ಇಳಿಯುವುದನ್ನು ನೋಡುತ್ತಾ ನಿಂತೆವು. ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಕಣ್ಣು ಬಿಟ್ಟವನು ನೀರು ಕೇಳಿದ. ಮಗ ಚೆಂಬು ತಂದ. ತಮ್ಮ ಬೆರಳು ಅದ್ದಿ, ಬಗ್ಗಿ ಟೈಲ್ಸಿನ ಮೇಲೆ ಒಂದು ಗೆರೆ ಎಳೆದ. ನೀರು ಗೆರೆಯಾಗಿ ನಿಲ್ಲದೆ ಹನಿಹನಿಯಾಗಿ ಒಡೆಯಿತು. "ಇದು ನೀರು ಕುಡಿಯಾಕಿಲ್ಲ," ಎಂದು ಎದ್ದು, ಗೋಡೆ ಹಿಡಿದುಕೊಂಡು, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿಗೆ ನಡೆದ. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಕಲ್ಲು ಕಾದಿತ್ತು. ಅವನು ಒಂದು ಮುಖ, ಒಂದು ತುರುಬು, ಕಾಸಗಲದ ಕುಂಕುಮ ಬರೆದ. ವಾಸನೆ ಎದ್ದಿತು. ತುರುಬು ಹೋಯಿತು, ಮುಖ ಹೋಯಿತು, ಕೊನೆಗೆ ಕುಂಕುಮವೂ ಹೋಯಿತು. ಇಬ್ಬರೂ ನೋಡಿದೆವು.

ಚೆಂಬಿನಲ್ಲಿ ಇನ್ನೂ ನೀರಿತ್ತು. ತಮ್ಮ ಅದನ್ನು ಎತ್ತಿ ಮಗನ ಕೈಗೆ ಕೊಟ್ಟ. ಅವನು ಅದನ್ನು ಹಿಡಿದುಕೊಂಡು, ಏನು ಬರೆಯಬೇಕೆಂದು ತಿಳಿಯದೆ, ನಿಂತೇ ಇದ್ದ.